ಶತ್ರುನ ಕ್ಷಮಿಸಿದೋರು, ದಾಯಾದಿನ ಬಿಡದೋರು

ಹೋದ ವಾರ ಊರಿಗೆ ಹೋಗಿದ್ದೆ, ಶ್ರೀನಿವಾಸಪುರದ ಕಡೆ. ಮಾವಿನ ಸೀಸನ್ ಮುಗೀತಾ ಬಂದಿತ್ತು, ಮಂಡಿಗಳ ಮುಂದೆ ಖಾಲಿ ಕ್ರೇಟುಗಳು, ಕೊಳೆತ ಹಣ್ಣಿನ ವಾಸನೆ, ಎಲ್ಲಿ ನೋಡಿದ್ರೂ ನೊಣ. ಅಪ್ಪ ಜಗುಲಿ ಮೇಲೆ ಪೇಪರ್ ಹಿಡ್ಕೊಂಡು ಕೂತಿದ್ರು. ಈಗ ಅವರಿಗೆ ಕಣ್ಣು ಅಷ್ಟಾಗಿ ಕಾಣಲ್ಲ, ಹೆಡ್ಡಿಂಗ್ ಓದ್ಕೊಂಡು ಮಿಕ್ಕಿದ್ದನ್ನ ಯಾರ ಕೈಲಾದ್ರೂ ಓದಿಸ್ತಾರೆ. ಅವತ್ತು ಒಳಗಿನ ಪುಟದಲ್ಲಿ ಆಫ್ರಿಕಾದ ಯಾವುದೋ ದೇಶದ ಅಧ್ಯಕ್ಷರು ವಯಸ್ಸಾದ್ರೂ ಮತ್ತೆ ಎಲೆಕ್ಷನ್‌ಗೆ ನಿಲ್ತಾರೆ ಅನ್ನೋ ಸುದ್ದಿ ಇತ್ತು, ನಾನೇ ಓದಿ ಹೇಳ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಅಲ್ಲಯ್ಯಾ, ಸ್ವಾತಂತ್ರ್ಯ ತಂದುಕೊಟ್ಟೋರೆಲ್ಲ ಅಲ್ಲಿ ಹಿಂಗೇ ಕುರ್ಚಿ ಹಿಡ್ಕೊಂಡು ಕೂತ್ರಾ, ಇಲ್ಲ ಮಂಡೇಲಾ ಒಬ್ರೇನಾ ಬಿಟ್ಟಿದ್ದು?" ಅಂತ ಕೇಳಿದ್ರು.

ಇಲ್ಲಪ್ಪ, ಸೆನೆಗಲ್‌ನ ಸೆಂಗೋರ್ 1980ರ ಕೊನೇಲೇ ತಾವಾಗೇ ರಾಜೀನಾಮೆ ಕೊಟ್ರು, ಟಾಂಜಾನಿಯಾದ ನೈರೇರೆ 1985ರಲ್ಲಿ ಬಿಟ್ರು, ಜಾಂಬಿಯಾದ ಕೌಂಡಾ 1991ರಲ್ಲಿ ಎಲೆಕ್ಷನ್ ಸೋತು ಇಳಿದ್ರು, ಮಂಡೇಲಾ ಒಂದೇ ಅವಧಿ ಇದ್ದು 1999ರಲ್ಲಿ ಮನೆಗೆ ಹೋದ್ರು ಅಂತ ಹೇಳ್ದೆ. ಅಷ್ಟಕ್ಕೇ ಬಿಟ್ಟೆ. ಪೂರ್ತಿ ಹೇಳೋಕೆ ಹೊರಟಿದ್ರೆ ನಮ್ಮನೆ ಕಥೆನೂ ಬರ್ತಿತ್ತು, ಅದನ್ನ ಅಪ್ಪನ ಎದುರಿಗೆ ಎತ್ತೋಕೆ ನಂಗೆ ಆಗ ಬಾಯಿ ಬರ್ಲಿಲ್ಲ.

ಈ ವಿಷಯ ಬಂದಾಗೆಲ್ಲ ನಮ್ಮ ಜನ ಬರೆಯೋದು ಒಂದೇ ಥರ, ದಕ್ಷಿಣ ಆಫ್ರಿಕಾದ ಮಂಡೇಲಾ ದೇವ್ರು, ಜಿಂಬಾಬ್ವೆಯ ಮುಗಾಬೆ ರಾಕ್ಷಸ, ಒಬ್ರು ಕ್ಷಮಿಸಿದ್ರು ಇನ್ನೊಬ್ರು ಸೇಡು ತೀರಿಸಿಕೊಂಡ್ರು. ವಾಟ್ಸಾಪಲ್ಲಿ ಬರೋ ಫಾರ್ವರ್ಡ್‌ಗಳಲ್ಲೂ ಅದೇ. ನಾನೂ ಬಹಳ ವರ್ಷ ಹಂಗೇ ನಂಬಿದ್ದೆ. ಆದ್ರೆ ಮುಗಾಬೆ ಶುರು ಮಾಡಿದ್ದು ಹೆಂಗೆ ಅಂತ ಓದ್ತಾ ಹೋದ್ರೆ ಆ ಲೆಕ್ಕ ಕೂಡಲ್ಲ.

ಮುಗಾಬೆನೂ ಹತ್ತು ವರ್ಷ ಜೈಲಲ್ಲಿದ್ದೋರೇ, 1964ರಿಂದ 1974ರವರೆಗೆ. ಒಳಗಿದ್ದಾಗ ಮೂರು ವರ್ಷದ ಮಗ ಘಾನಾದಲ್ಲಿ ಕಾಯಿಲೆಯಿಂದ ತೀರಿಕೊಂಡ್ರೆ ಮಣ್ಣಿಗೆ ಹೋಗೋಕೂ ಬಿಡ್ಲಿಲ್ಲ ಬಿಳಿಯರ ಸರ್ಕಾರ. ಇಷ್ಟೆಲ್ಲ ಅನುಭವಿಸಿದ ಮನುಷ್ಯ 1980ರ ಏಪ್ರಿಲ್ 18ಕ್ಕೆ ಜಿಂಬಾಬ್ವೆ ಸ್ವತಂತ್ರ ಆದಾಗ ಏನು ಮಾತಾಡಿದ್ರು ಗೊತ್ತಾ, ನಿನ್ನೆವರೆಗೆ ನಮ್ಮ ಜೊತೆ ಹೋರಾಡಿದ ಶತ್ರು ಇವತ್ತು ನನ್ನ ಸ್ನೇಹಿತ, ಹಳೇದೆಲ್ಲ ಮರೆಯೋಣ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಬರೀ ಬಾಯಿಮಾತಲ್ಲ ಅದು. ತನ್ನನ್ನ ಜೈಲಿಗೆ ಹಾಕಿದ ಸರ್ಕಾರದ ಪ್ರಧಾನಿ ಇಯಾನ್ ಸ್ಮಿತ್ ಕೂದಲೂ ಕೊಂಕಲಿಲ್ಲ, 1987ರವರೆಗೆ ಸ್ಮಿತ್ ಪಾರ್ಲಿಮೆಂಟಲ್ಲೇ ಕೂತಿದ್ರು, ಸರ್ಕಾರನ ಬೈತಾನೇ ಇದ್ರು, ವಯಸ್ಸಾಗಿ 2007ರಲ್ಲಿ ತೀರಿಕೊಂಡ್ರು. ಬಿಳಿಯರ ಕಾಲದ ಗುಪ್ತಚರ ಇಲಾಖೆ ಮುಖ್ಯಸ್ಥರನ್ನೇ ಅದೇ ಸೀಟಲ್ಲಿ ಮುಂದುವರಿಸಿದ್ರು ಮುಗಾಬೆ. ಅಂದ್ರೆ ಮಂಡೇಲಾಗಿಂತ ಹದಿನಾಲ್ಕು ವರ್ಷ ಮುಂಚೆನೇ ಮಂಡೇಲಾ ಥರದ ಕ್ಷಮೆ ತೋರಿಸಿದ್ದು ಇದೇ ಮುಗಾಬೆ, ಆಗ ಜಗತ್ತೆಲ್ಲ ಹೊಗಳ್ತು ಕೂಡ.

ಹಂಗಾದ್ರೆ ಕೆಟ್ಟಿದ್ದೆಲ್ಲಿ?

ಜೋಶುವಾ ಎನ್ಕೋಮೋ ಅಂತ ಇನ್ನೊಬ್ಬ ನಾಯಕರಿದ್ರು. ಮುಗಾಬೆಗಿಂತ ಮುಂಚಿನಿಂದ ಹೋರಾಟದಲ್ಲಿದ್ದೋರು, ಜನ ಅವರನ್ನ ಜಿಂಬಾಬ್ವೆಯ ಅಪ್ಪ ಅಂತಾನೇ ಕರೀತಿದ್ರು. ಒಂದು ಕಾಲಕ್ಕೆ ಇಬ್ರೂ ಒಂದೇ ಪಾರ್ಟಿ, 1963ರಲ್ಲಿ ಒಡೆದು ಎರಡಾಯ್ತು, ಎನ್ಕೋಮೋದು ಝಾಪು, ಇವರದು ಝಾನು, ಎರಡಕ್ಕೂ ಬೇರೆ ಬೇರೆ ಗೆರಿಲ್ಲಾ ಸೈನ್ಯ. ಸ್ವಾತಂತ್ರ್ಯ ಬಂದ್ಮೇಲೆ ಎನ್ಕೋಮೋನ ಮಂತ್ರಿ ಮಾಡಿದ್ರು ಸರಿ, 1982ರಲ್ಲಿ ಝಾಪುದವರ ಜಮೀನಲ್ಲಿ ಬಚ್ಚಿಟ್ಟ ಆಯುಧ ಸಿಕ್ತು ಅಂತ ಹೇಳಿ ತೆಗೆದುಹಾಕಿದ್ರು. ಮನೆಯೊಳಗೆ ನಾಗರಹಾವು ಸೇರ್ಕೊಂಡಿದೆ, ತಲೆ ಜಜ್ಜೋದೊಂದೇ ದಾರಿ ಅಂದ್ರು ಮುಗಾಬೆ. ಸ್ಮಿತ್‌ನ ಪಾರ್ಲಿಮೆಂಟಲ್ಲಿ ಕೂರೋಕೆ ಬಿಟ್ಟೋರು ಎನ್ಕೋಮೋಗೆ ಹಾವು ಅಂದ್ರು.

ಆಮೇಲೆ 1983ರ ಶುರುವಿಗೆ ಉತ್ತರ ಕೊರಿಯಾದವರು ತರಬೇತಿ ಕೊಟ್ಟ ಐದನೇ ಬ್ರಿಗೇಡ್ ಅನ್ನೋ ಸೈನ್ಯದ ತುಕಡಿನ ಮಾಟಬೆಲೆಲ್ಯಾಂಡಿಗೆ, ಎನ್ಕೋಮೋಗೆ ಬೆಂಬಲ ಇದ್ದ ಸೀಮೆಗೆ, ಕಳಿಸಿದ್ರು. ಅದಕ್ಕೆ ಇಟ್ಟ ಹೆಸರು ಗುಕುರಾಹುಂಡಿ. ಶೋನಾ ಭಾಷೇಲಿ ಅದಕ್ಕೆ ಅರ್ಥ, ದೊಡ್ಡ ಮಳೆಗಾಲಕ್ಕೆ ಮುಂಚೆ ಬಂದು ಕಣದ ಹೊಟ್ಟನ್ನೆಲ್ಲ ಕೊಚ್ಚಿಕೊಂಡು ಹೋಗೋ ಮೊದಲನೇ ಮಳೆ ಅಂತ. ನಾವು ರೈತರ ಮಕ್ಕಳು, ಮಳೆಗೆ ಒಳ್ಳೆಯ ಹೆಸರಿಡೋರು, ಈ ಪದದ ಅರ್ಥ ಮೊದಲ್ನೇ ಸಲ ಓದಿದಾಗ ನಾನು ಮೊಬೈಲ್ ಕೆಳಗಿಟ್ಟುಬಿಟ್ಟೆ. ಹೊಟ್ಟು ಅಂದ್ರೆ ಅಲ್ಲಿ ಮನುಷ್ಯರು. ಸತ್ತೋರು ಇಪ್ಪತ್ತು ಸಾವಿರದವರೆಗೆ ಇರಬಹುದು ಅನ್ನೋ ಅಂದಾಜಿದೆ, ಹೆಚ್ಚಿನವರು ಆಯುಧನೇ ಮುಟ್ಟದ ಹಳ್ಳಿ ಜನ. ಎನ್ಕೋಮೋ ಗಡಿ ದಾಟಿ ಬೋಟ್ಸ್‌ವಾನಾಗೆ, ಅಲ್ಲಿಂದ ಲಂಡನ್‌ಗೆ ಹೋಗಿ ಜೀವ ಉಳಿಸಿಕೊಂಡ್ರು. ಕೊನೆಗೆ 1987ರ ಡಿಸೆಂಬರಲ್ಲಿ ಇಬ್ರೂ ಒಪ್ಪಂದಕ್ಕೆ ಸಹಿ ಹಾಕಿ ಝಾಪು ಪಾರ್ಟಿನ ಝಾನು ಒಳಗೆ ಸೇರಿಸಿದ್ರು, ಅಂದ್ರೆ ಇಲ್ಲದಂಗೆ ಮಾಡಿದ್ರು, ಅದೇ ಹೊತ್ತಿಗೆ ಪ್ರಧಾನಿ ಹುದ್ದೆ ತೆಗೆದು ಮುಗಾಬೆ ಅಧಿಕಾರ ಎಲ್ಲಾ ಇರೋ ಅಧ್ಯಕ್ಷರಾದ್ರು. ಮುಂದೆ ಬಿಳಿಯರ ಭೂಮಿ ಕಿತ್ಕೊಂಡಿದ್ದು, 2008ರ ಎಲೆಕ್ಷನ್‌ನಲ್ಲಿ ಹಿಂದೆ ಬಿದ್ಮೇಲೆ ಹೊಡೆದಾಟ, ನೂರು ಟ್ರಿಲಿಯನ್ ಡಾಲರ್ ನೋಟು, 2017ರಲ್ಲಿ ಸೈನ್ಯದವರು ಬಂದು ಇಳಿಸಿದ್ದು, ಇವೆಲ್ಲ ಎಲ್ಲರಿಗೂ ಗೊತ್ತಿರೋದೇ. ಆದ್ರೆ ನನ್ನ ಪ್ರಕಾರ ಅವೆಲ್ಲ 1983ರಲ್ಲೇ ತೀರ್ಮಾನ ಆಗಿಹೋಗಿತ್ತು. ತನ್ನ ಜೊತೇಲಿದ್ದೋರನ್ನೇ ಮುಗಿಸಬಹುದು, ಯಾರೂ ಕೇಳಲ್ಲ ಅಂತ ಒಂದು ಸಲ ಗೊತ್ತಾದ ಮೇಲೆ ಇನ್ಯಾರ ಭಯ.

ನಮ್ಮ ಕಡೆ ಇದಕ್ಕೊಂದು ಪದ ಇದೆ, ದಾಯಾದಿ. ಮಹಾಭಾರತನೇ ದಾಯಾದಿ ಜಗಳ. ಹೊರಗಿನವನ ಜೊತೆ ಜಗಳ ಆದ್ರೆ ಪಂಚಾಯ್ತಿ ಸೇರಿಸಿ ರಾಜಿ ಮಾಡ್ಕೋತೀವಿ, ದಾಯಾದಿ ಜೊತೆ ಆದ್ರೆ ಬದು ಒಂದು ಗೇಣು ಸರಿದಿದ್ದಕ್ಕೂ ಮೂರು ತಲೆಮಾರು ಕೋರ್ಟು ಅಲೀತೀವಿ. ಕೋಲಾರದ ಕೋರ್ಟ್ ಆವರಣದಲ್ಲಿ ಒಂದು ಬೆಳಗ್ಗೆ ನಿಂತು ನೋಡಿ, ಭಾಗದ ದಾವೆಗೆ ಬಂದಿರೋ ಅಣ್ಣತಮ್ಮಂದಿರು ಒಂದೇ ಟೀ ಅಂಗಡಿ ಮುಂದೆ ಒಬ್ಬರಿಗೊಬ್ಬರು ಬೆನ್ನು ಹಾಕ್ಕೊಂಡು ನಿಂತಿರ್ತಾರೆ. ಹೊರಗಿನವನು ನಮ್ಮ ಜಾಗಕ್ಕೆ ಬರಲ್ಲ. ದಾಯಾದಿ ಬರಬಲ್ಲ, ಹಕ್ಕಿರುತ್ತೆ ಅವನಿಗೆ, ನಮ್ಮಷ್ಟೇ.

ಈ ಕಣ್ಣಲ್ಲಿ ನೋಡಿದ್ರೆ ಆಫ್ರಿಕಾದ ನಾಯಕರ ಕಥೆ ನಂಗೆ ಬೇರೆನೇ ಥರ ಕಾಣುತ್ತೆ. ಘಾನಾ ತಗೊಳ್ಳಿ. ಮುಂದೆ ಆ ದೇಶದ ಮೊದಲ ಪ್ರಧಾನಿ ಆದ ಎನ್ಕ್ರುಮಾ ಲಂಡನ್‌ನಲ್ಲಿದ್ದಾಗ ಊರಿಗೆ ಬಂದು ನಮ್ಮ ಪಾರ್ಟಿ ಸೆಕ್ರೆಟರಿ ಆಗಿ ಅಂತ 1947ರಲ್ಲಿ ಕರೆಸಿಕೊಂಡಿದ್ದು ಜೆ.ಬಿ. ಡಾಂಕ್ವಾ ಅನ್ನೋ ವಕೀಲರು ಮತ್ತವರ ಸಂಗಡಿಗರು, ಇವರ ಹೆಸರು ಸೂಚಿಸಿದ್ದು ಆಕೋ ಅಜೇ ಅನ್ನೋ ಗೆಳೆಯರು. 1948ರಲ್ಲಿ ಬ್ರಿಟಿಷರು ಆರು ಜನ ನಾಯಕರನ್ನ ಒಟ್ಟಿಗೆ ಹಿಡಿದು ಬಂಧನದಲ್ಲಿಟ್ರು, ಈ ಮೂರೂ ಜನ ಆ ಆರರಲ್ಲಿದ್ರು. ಮುಂದೆ ಎನ್ಕ್ರುಮಾ ಬೇರೆ ಪಾರ್ಟಿ ಕಟ್ಟಿದ್ರು, ಜನ ಅವರ ಹಿಂದೆ ಹೋದ್ರು, 1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ ಬಂತು. ಮಾರನೇ ವರ್ಷನೇ ವಿಚಾರಣೆ ಇಲ್ಲದೆ ಐದು ವರ್ಷದವರೆಗೆ ಒಳಗಿಡೋ ಕಾಯ್ದೆ ತಂದ್ರು. ಆ ಕಾಯ್ದೆ ಕೆಳಗೆ ಒಳಗೆ ಹೋದ ಡಾಂಕ್ವಾ 1965ರ ಫೆಬ್ರವರಿಯಲ್ಲಿ ಎನ್ಸಾವಾಮ್ ಜೈಲಲ್ಲೇ ಸತ್ತರು. ಆಕೋ ಅಜೇನೂ ಜೈಲಿಗೆ ಹೋದ್ರು, ಎನ್ಕ್ರುಮಾ ಮೇಲೆ ನಡೆದ ಬಾಂಬ್ ದಾಳಿ ಪಿತೂರಿ ಆರೋಪದ ಮೇಲೆ. ಕರೆಸಿದೋರು ಒಬ್ರು, ಹೆಸರು ಹೇಳಿದೋರು ಒಬ್ರು, ಇಬ್ರೂ ಒಳಗೆ. ಬ್ರಿಟಿಷರ ಜೊತೆ ಮಾತ್ರ ಎನ್ಕ್ರುಮಾ ಬಹಳ ವರ್ಷ ಚೆನ್ನಾಗೇ ಇದ್ರು, ಬ್ರಿಟಿಷ್ ಅಧಿಕಾರಿಗಳು ಎಷ್ಟೋ ವರ್ಷ ಅಲ್ಲೇ ಕೆಲಸ ಮಾಡ್ಕೊಂಡಿದ್ರು, ಸೈನ್ಯದ ಮುಖ್ಯಸ್ಥರೂ 1961ರವರೆಗೆ ಇಂಗ್ಲಿಷಿನವರೇ. 1966ರಲ್ಲಿ ಎನ್ಕ್ರುಮಾ ವಿದೇಶದಲ್ಲಿದ್ದಾಗ ಸೈನ್ಯ ದಂಗೆ ಎದ್ದು ಕಿತ್ತುಹಾಕ್ತು, ಅಕ್ರಾದಲ್ಲಿದ್ದ ಅವರ ಪ್ರತಿಮೆನ ಜನ ಒಡೆದ್ರು. ಆ ತಲೆ ಇಲ್ಲದ ಪ್ರತಿಮೆ, ಪಕ್ಕದಲ್ಲಿ ಅದರ ತಲೆ, ಎರಡನ್ನೂ ಈಗ ಅವರ ಸ್ಮಾರಕದಲ್ಲೇ ಇಟ್ಟಿದಾರೆ. ಅಕೊಸೊಂಬೊ ಡ್ಯಾಂ ಕಟ್ಟಿಸಿದ, ಇಡೀ ಖಂಡ ಒಂದಾಗ್ಬೇಕು ಅಂತ ಕನಸು ಕಂಡ ಮನುಷ್ಯ, ದೊಡ್ಡ ಮನುಷ್ಯ ಅನ್ನೋದ್ರಲ್ಲಿ ನಂಗೆ ಯಾವ ಅನುಮಾನನೂ ಇಲ್ಲ, ಅದಕ್ಕೇ ಡಾಂಕ್ವಾ ವಿಷಯ ಇನ್ನೂ ಸಂಕಟ ಆಗುತ್ತೆ.

ಈಗ ನಮ್ಮನೆ ವಿಷಯ. ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೀನಿ.

ನಮ್ಮೂರಲ್ಲಿ ಹಾಲಿನ ಡೈರಿ ಶುರು ಮಾಡಿದ್ದು ಅಪ್ಪ ಮತ್ತೆ ನಮ್ಮ ದೊಡ್ಡಪ್ಪ, 1988ರಲ್ಲಿ. ದೊಡ್ಡಪ್ಪ ಅಂದ್ರೆ ತಾತನ ಅಣ್ಣನ ಮಗ. ಅದಕ್ಕೂ ಮುಂಚೆ ಟಿವಿಎಸ್ ಮೇಲೆ ಕ್ಯಾನು ಕಟ್ಕೊಂಡು ಬರ್ತಿದ್ದ ಒಬ್ಬ ಹಾಲಿನ ವರ್ತಕನೇ ಊರಿಗೆಲ್ಲ ದಿಕ್ಕು. ಹಸು ತಗೊಳ್ಳೋಕೆ ಮುಂಗಡ ಕೊಡೋದು, ಆಮೇಲೆ ತಾನು ಹೇಳಿದ ರೇಟಿಗೇ ಹಾಲು ಹಾಕಿಸಿಕೊಳ್ಳೋದು. ಅಪ್ಪ ದೊಡ್ಡಪ್ಪ ಇಬ್ರೂ ರಾತ್ರಿ ಹೊತ್ತು ಮನೆ ಮನೆ ತಿರುಗಿ ಷೇರು ದುಡ್ಡು ಕೂಡಿಸಿದ್ದು, ಸಂಘದ ರಿಜಿಸ್ಟ್ರೇಷನ್‌ಗೆ ಕೋಲಾರಕ್ಕೆ ಓಡಾಡಿದ್ದು, ಒಂದೇ ಸೈಕಲ್ಲಲ್ಲಿ ಒಬ್ರು ತುಳಿದು ಒಬ್ರು ಹಿಂದೆ ಕೂತು ಹೋಗ್ತಿದ್ದಿದ್ದು ನಮ್ಮ ಅಜ್ಜಿ ಹೇಳೋರು. ವರ್ತಕ ಸುಮ್ಮನಿರ್ಲಿಲ್ಲ, ಡೈರಿಯೋರು ದುಡ್ಡು ಕೊಡಲ್ಲ ಅಂತ ಊರೆಲ್ಲ ಹಬ್ಬಿಸಿದ, ಒಂದು ಸಲ ಹೊಡೆದಾಟನೂ ಆಯ್ತು. ಆದ್ರೂ ಡೈರಿ ನಿಲ್ತು. ಅಪ್ಪ ಪ್ರೆಸಿಡೆಂಟ್ ಆದ್ರು. ವ್ಯಾಪಾರ ಕೆಟ್ಟು ವರ್ತಕ ಕೈಖಾಲಿಯಾಗಿ ಕೂತಾಗ ಅಪ್ಪನೇ ಅವನ ಮನೆಗೆ ಹೋಗಿ, ಆಗಿದ್ದು ಆಗೋಯ್ತು ಅಂದು, ಅವನ ಮಗನ್ನ ಡೈರಿಗೆ ಟೆಸ್ಟರ್ ಆಗಿ ಸೇರಿಸ್ಕೊಂಡ್ರು. ಊರೋರು ಈಗ್ಲೂ ಹೇಳ್ತಾರೆ ಅದನ್ನ, ನಿಮ್ಮಪ್ಪಂದು ದೊಡ್ಡ ಮನಸ್ಸು ಕಣಪ್ಪ ಅಂತ. ನಿಜಾನೇ.

1994ರಲ್ಲಿ ದೊಡ್ಡಪ್ಪ, ಈ ಸಲ ಪ್ರೆಸಿಡೆಂಟ್‌ಗೆ ನಾನು ನಿಲ್ತೀನಿ ಕಣಯ್ಯಾ, ನಿಂದು ಒಂದು ಅವಧಿ ಆಯ್ತಲ್ಲ ಅಂದ್ರು. ನಂಗೆ ಆಗ ಹನ್ನೆರಡು ವರ್ಷ, ಬೇಸಿಗೆ ರಜೆ, ಬೆಳಗ್ಗೆ ಹಾಲು ಹಾಕೋಕೆ ನಾನೇ ಡೈರಿಗೆ ಹೋಗ್ತಿದ್ದೆ. ಒಂದು ದಿನ ನನ್ನ ಮುಂದೆ ದೊಡ್ಡಮ್ಮ ನಿಂತಿದ್ರು. ಟೆಸ್ಟರ್ ಅವರ ಕ್ಯಾನಿಂದ ಹಾಲು ತೆಗೆದು ಉದ್ದನೆ ಲೋಟಕ್ಕೆ ಹಾಕಿ ಲ್ಯಾಕ್ಟೋಮೀಟರ್ ಬಿಟ್ಟ, ಅದು ನಿಲ್ಲೋಕೆ ಮುಂಚೆನೇ ಮೇಲೆತ್ತಿ, ಡಿಗ್ರಿ ಬರ್ತಿಲ್ಲ ದೊಡ್ಡಮ್ಮಾ, ನೀರಿದೆ, ತಗೊಳ್ಳೋಕಾಗಲ್ಲ ಅಂದ. ನಾನು ನೋಡ್ತಾನೇ ಇದ್ದೆ, ಅದು ಇನ್ನೂ ಮೇಲೆ ಕೆಳಗೆ ಆಡ್ತಿತ್ತು. ದೊಡ್ಡಮ್ಮ ಏನೂ ಮಾತಾಡ್ಲಿಲ್ಲ. ಕ್ಯಾನು ಮುಚ್ಚಳ ಹಾಕ್ಕೊಂಡು, ಸೆರಗಲ್ಲಿ ಕೈ ಒರೆಸ್ಕೊಂಡು, ನನ್ನ ತಲೆ ಒಂದ್ಸಲ ಸವರಿ ಹೋದ್ರು. ಮಾರನೇ ದಿನನೂ ಅದೇ, ಅದರ ಮಾರನೇ ದಿನನೂ ಅದೇ. ವರ್ಷದಲ್ಲಿ ಇಷ್ಟು ದಿನ ಹಾಲು ಹಾಕಿದ್ರೇನೇ ಓಟು, ನಿಲ್ಲೋಕೆ ಹಕ್ಕು ಅಂತ ರೂಲ್ಸ್ ಇತ್ತಲ್ಲ, ಆ ಲೆಕ್ಕದಲ್ಲಿ ದೊಡ್ಡಪ್ಪನ ಹೆಸರು ಪಟ್ಟಿಯಿಂದ ಹೋಯ್ತು. ಅಪ್ಪ ಅವಿರೋಧ ಆಯ್ಕೆ ಆದ್ರು. ಅಲ್ಲಿಂದ ಮುಂದೆ ಹದಿಮೂರು ವರ್ಷ ಅವರೇ ಪ್ರೆಸಿಡೆಂಟ್.

ಅದೇ ಮೇ ತಿಂಗಳಲ್ಲಿ ಮಂಡಿಲಿ ಮಾವಿನಕಾಯಿ ಬಾಕ್ಸಿಗೆ ಹಾಸೋಕೆ ಅಂತ ತಂದಿದ್ದ ಹಳೇ ಪೇಪರ್ ಕಂತೇಲಿ ಮಂಡೇಲಾ ಪ್ರಮಾಣವಚನ ತಗೊಳ್ತಿರೋ ಫೋಟೋ ಇತ್ತು. ಬಲಗೈ ಮೇಲೆತ್ತಿದ್ರು. ಆ ಹಾಳೆನ ಬಾಕ್ಸಿಗೆ ಹಾಕದೆ ಮಡಚಿ ಜೇಬಿಗಿಟ್ಕೊಂಡಿದ್ದೆ, ಯಾಕೋ ಗೊತ್ತಿಲ್ಲ, ಬಹುಶಃ ಆ ನಗು ನೋಡಿ. ಆಫ್ರಿಕಾ ವಿಷಯ ನನ್ನ ತಲೆಗೆ ಹತ್ತಿದ್ದು ಅಲ್ಲಿಂದ.

ಮಂಡೇಲಾ ವಿಷಯದಲ್ಲಿ ಎಲ್ರೂ ಹೇಳೋದು 27 ವರ್ಷ ಜೈಲು, ಬಿಳಿಯರ ಆಟ ಅನ್ನಿಸಿಕೊಂಡಿದ್ದ ರಗ್ಬಿ ಟೀಮಿನ ಜೆರ್ಸಿ ಹಾಕ್ಕೊಂಡಿದ್ದು, ಬಿಳಿಯರನ್ನ ಕ್ಷಮಿಸಿದ್ದು. ನಂಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಬುಥೆಲೇಜಿ ವಿಷಯ. ಮಂಗೋಸುತು ಬುಥೆಲೇಜಿ ಜುಲು ಜನರ ನಾಯಕರು, ಇಂಕಾಥಾ ಪಾರ್ಟಿ ಅವರದು. ಹುಡುಗರಾಗಿದ್ದಾಗ ಅವರೂ ಮಂಡೇಲಾ ಪಾರ್ಟಿಯಾದ ಎಎನ್‌ಸಿಯ ಯೂತ್ ಲೀಗಲ್ಲೇ ಇದ್ದೋರು. ಎಂಬತ್ತರ ದಶಕದಿಂದ 1994ರವರೆಗೆ ಇವರ ಜನಕ್ಕೂ ಎಎನ್‌ಸಿ ಜನಕ್ಕೂ ನಡೆದ ಹೊಡೆದಾಟದಲ್ಲಿ ಸತ್ತೋರು ಸಾವಿರಾರು, ಅದರಲ್ಲಿ ಬಿಳಿಯರ ಪೊಲೀಸ್ ಇಲಾಖೆ ಇಂಕಾಥಾಗೆ ಒಳಗೊಳಗೇ ದುಡ್ಡು ಕೊಟ್ಟಿದ್ದೂ ಆಮೇಲೆ ಹೊರಗೆ ಬಂತು. ಮುಗಾಬೆಗೆ ಎನ್ಕೋಮೋ ಮೇಲಿದ್ದ ಸಿಟ್ಟಿಗಿಂತ ಹೆಚ್ಚು ಕಾರಣ ಮಂಡೇಲಾಗಿತ್ತು ಅಂತಾನೇ ಅಂದ್ಕೊಳ್ಳಿ.

ಮೊದಲ್ನೇ ಎಲೆಕ್ಷನ್‌ಗೆ ನಾವು ನಿಲ್ಲಲ್ಲ ಅಂತ ಹಠ ಹಿಡಿದು ಕೂತಿದ್ದ ಬುಥೆಲೇಜಿ ಸರಿಯಾಗಿ ಒಂದು ವಾರ ಇದೆ ಅನ್ನೋವಾಗ ಬರ್ತೀವಿ ಅಂದ್ರು. ಓಟಿನ ಚೀಟಿ ಅಷ್ಟೊತ್ತಿಗಾಗ್ಲೇ ಕೋಟಿಗಟ್ಟಲೆ ಪ್ರಿಂಟ್ ಆಗಿದ್ವು. ಈಗ ಆಗಲ್ಲ, ಟೈಮ್ ಮುಗೀತು, ರೂಲ್ಸಲ್ಲಿಲ್ಲ ಅನ್ನಬಹುದಿತ್ತು, ಅಂದಿದ್ರೆ ತಪ್ಪು ಹೇಳೋರೂ ಇರ್ಲಿಲ್ಲ. ಅನ್ಲಿಲ್ಲ. ಇಂಕಾಥಾ ಹೆಸರು ಚಿಹ್ನೆ ಬುಥೆಲೇಜಿ ಫೋಟೋ ಇರೋ ಸ್ಟಿಕ್ಕರ್ ಪ್ರಿಂಟ್ ಹಾಕಿಸಿ ಪ್ರತಿಯೊಂದು ಚೀಟಿ ಕೆಳಗೂ ಅಂಟಿಸಿದ್ರು. ಯೋಚನೆ ಮಾಡಿ, ಕೋಟಿಗಟ್ಟಲೆ ಚೀಟಿಗೆ ಸ್ಟಿಕ್ಕರ್. ಆ ಓಟಿನ ಚೀಟಿ ಫೋಟೋ ನೋಡಿದಾಗೆಲ್ಲ ನಂಗೆ ಡೈರಿಯ ಆ ಸದಸ್ಯರ ಪಟ್ಟಿ, ಅದರಲ್ಲಿ ಕೆಂಪು ಇಂಕಲ್ಲಿ ಗೀಟು ಹಾಕಿದ್ದ ದೊಡ್ಡಪ್ಪನ ಹೆಸರು ನೆನಪಾಗುತ್ತೆ.

ಇಂಕಾಥಾಗೆ ನೂರಕ್ಕೆ ಹತ್ತು ಚಿಲ್ಲರೆ ಓಟು ಬಂತು. ಬುಥೆಲೇಜಿ ಗೃಹ ಖಾತೆ ಮಂತ್ರಿ ಆದ್ರು. ಮಂಡೇಲಾನೂ ಅವರ ಉಪಾಧ್ಯಕ್ಷರೂ ಇಬ್ರೂ ದೇಶದಲ್ಲಿಲ್ಲದಾಗ ಹಂಗಾಮಿ ಅಧ್ಯಕ್ಷರಾಗಿ ದೇಶ ನೋಡ್ಕೊಂಡಿದ್ದು ಇದೇ ಬುಥೆಲೇಜಿ, ಒಂದೆರಡು ಸಲ ಅಲ್ಲ, ಬಹಳ ಸಲ. 1998ರ ಸೆಪ್ಟೆಂಬರಲ್ಲಿ ಲೆಸೋಥೋಗೆ ಸೈನ್ಯ ಕಳಿಸಿದಾಗ ಕುರ್ಚಿಲಿ ಕೂತಿದ್ದೋರು ಅವರೇ. (ಆ ಸೈನ್ಯ ಕಳಿಸಿದ್ದು ಸರೀನಾ ಅನ್ನೋದು ಬೇರೆ ಮಾತು, ಲೆಸೋಥೋ ರಾಜಧಾನೀಲಿ ಎಷ್ಟೋ ಅಂಗಡಿ ಸುಟ್ಟುಹೋದ್ವು ಆಗ.) ನಾಲ್ಕು ವರ್ಷದ ಹಿಂದೆ ಹೆಣ ಬೀಳಿಸ್ಕೊಂಡಿದ್ದ ಎರಡು ಕಡೆ, ಅದರಲ್ಲಿ ಒಬ್ರು ಇನ್ನೊಬ್ರಿಗೆ ಮನೆ ಬೀಗದಕೈ ಕೊಟ್ಟು ಊರಿಗೆ ಹೋಗೋದು.

ಇದೆಲ್ಲ ಮಂಡೇಲಾ ಒಬ್ಬರ ಗುಣದಿಂದಾಯ್ತು ಅಂದ್ರೆ ಅದೂ ಸುಳ್ಳಾಗುತ್ತೆ. ಆಗಿನ ತಾತ್ಕಾಲಿಕ ಸಂವಿಧಾನದಲ್ಲಿ ಇಪ್ಪತ್ತು ಸೀಟು ಬಂದ ಯಾವ ಪಾರ್ಟಿಗಾದ್ರೂ ಸಂಪುಟದಲ್ಲಿ ಜಾಗ ಕೊಡ್ಲೇಬೇಕು ಅಂತ ಬರೆದಿತ್ತು. ಎರಡು ಅವಧಿಗಿಂತ ಜಾಸ್ತಿ ಯಾರೂ ಅಧ್ಯಕ್ಷರಾಗೋಹಂಗಿಲ್ಲ ಅಂತ 1996ರ ಸಂವಿಧಾನ ಹೇಳ್ತು, ಕೋರ್ಟು ಗಟ್ಟಿಯಾಗಿತ್ತು, ಮಂಡೇಲಾ ವಿರುದ್ಧನೇ ತೀರ್ಪು ಕೊಟ್ಟಾಗ ಅವರು ಒಪ್ಕೊಂಡ್ರು. ಎಎನ್‌ಸಿ ಒಳಗೂ ಮಂಡೇಲಾ ಹೇಳಿದ್ದೇ ನಡೀತಿರ್ಲಿಲ್ಲ, ಎಲ್ರೂ ಕೂತು ತೀರ್ಮಾನ ಮಾಡೋ ಪಾರ್ಟಿ ಅದು. ವಯಸ್ಸೂ ಎಪ್ಪತ್ತೈದು ದಾಟಿತ್ತು. ಮುಗಾಬೆ ಐವತ್ತಾರಕ್ಕೆ ಬಂದೋರು, ಕೈಲಿ ಗೆದ್ದ ಸೈನ್ಯ ಇತ್ತು, ಪಾರ್ಟಿ ಸೈನ್ಯ ಸರ್ಕಾರ ಮೂರೂ ಒಂದೇ ಕೈಲಿ. ಇಷ್ಟನ್ನೂ ಲೆಕ್ಕಕ್ಕೆ ತಗೊಂಡ್ಮೇಲೂ ಅಂಟಿಸಿದ ಆ ಸ್ಟಿಕ್ಕರ್ ನನ್ನ ಮನಸ್ಸಿಂದ ಹೋಗಲ್ಲ. ರೂಲ್ಸನ್ನ ಹೊರಗಿಡೋಕೂ ಬಳಸಬಹುದು, ಒಳಗೆ ಕರ್ಕೊಳ್ಳೋಕೂ ಬಳಸಬಹುದು. ನಮ್ಮ ಡೈರೀಲೂ ರೂಲ್ಸೇ ಇದ್ದಿದ್ದು.

ನೈರೇರೆ ಬಗ್ಗೆ ಹೇಳ್ದೆ ಹೋದ್ರೆ ನಂಗೆ ನಿದ್ದೆ ಬರಲ್ಲ. 2009ರಿಂದ ಮೂರು ವರ್ಷ ನಾನು ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ, ಕರಿಯಾಕೂ ಮಾರ್ಕೆಟ್ ಹತ್ರ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರೀತಿದ್ದೆ. ಅಲ್ಲಿ ಯಾವ ಅಂಗಡಿ ಯಾವ ಆಫೀಸಿಗೆ ಹೋದ್ರೂ ಗೋಡೆ ಮೇಲೆ ಎರಡು ಫೋಟೋ, ಒಂದು ಆಗಿನ ಅಧ್ಯಕ್ಷರದು, ಇನ್ನೊಂದು ನೈರೇರೆದು. ಮ್ವಾಲಿಮು ಅಂತಾರೆ ಅವರನ್ನ, ಸ್ವಾಹಿಲೀಲಿ ಮೇಷ್ಟ್ರು ಅಂತ. ನಮ್ಮ ಗೋಡೌನ್ ನೋಡ್ಕೋತಿದ್ದ ವಯಸ್ಸಾದ ಒಬ್ರಿದ್ರು, ದಕ್ಷಿಣದ ಗೇರು ಬೆಳೆಯೋ ಸೀಮೆಯವರು. ಎಪ್ಪತ್ತರ ದಶಕದಲ್ಲಿ ಎಲ್ರೂ ಕೂಡಿ ದುಡಿಯೋ ಉಜಾಮಾ ಹಳ್ಳಿ ಕಟ್ತೀವಿ ಅಂತ ಸರ್ಕಾರದೋರು ಲಾರೀಲಿ ಅವರ ಮನೆಯವರನ್ನೆಲ್ಲ ತುಂಬ್ಕೊಂಡು ಹೋಗಿ ಬೇರೆ ಕಡೆ ಇಳಿಸಿದ್ರಂತೆ. ಗೇರು ಮರ ಮಾತ್ರ ಹಳೇ ಜಾಗದಲ್ಲೇ. ನಡ್ಕೊಂಡು ಹೋಗಿ ಕಿತ್ಕೊಂಡು ಬರೋಷ್ಟು ಹತ್ರ ಅಲ್ಲ, ಕಾಯಿ ಉದುರಿ ಹಂಗೇ ಕೊಳೀತು, ಆಮೇಲೆ ಕಾಡು ಬೆಳೀತು ಅಂತಿದ್ರು. ಮಾವಿನ ತೋಪು ಬಿಟ್ಟು ಹೋಗಿ ಅಂತ ನಮ್ಮ ಊರೋರಿಗೆ ಹೇಳಿದ್ರೆ ಏನಾಗ್ಬಹುದು ಅಂತ ನಂಗೆ ಗೊತ್ತು. ಲಕ್ಷಾಂತರ ಜನ ಹಿಂಗೆ ಎತ್ತಂಗಡಿ ಆದ್ರು, ಬೆಳೆ ಬಿತ್ತು, ದೇಶ ಬಡವಾಯ್ತು. ದಾಯಾದಿ ವಿಷಯದಲ್ಲೂ ನೈರೇರೆ ಕೈ ಶುದ್ಧ ಇರ್ಲಿಲ್ಲ, ಜೊತೆಗಾರ ಆಸ್ಕರ್ ಕಂಬೋನಾ 1967ರಲ್ಲಿ ದೇಶ ಬಿಟ್ಟು ಹೋದ್ಮೇಲೆ ಅವರ ಅಣ್ಣತಮ್ಮಂದಿರನ್ನ ವರ್ಷಗಟ್ಟಲೆ ಒಳಗಿಟ್ರು, ಬಾಬು ಅನ್ನೋ ಮಂತ್ರಿ ಆರು ವರ್ಷ ಜೈಲಲ್ಲಿದ್ರು. ಇಷ್ಟಾದ್ರೂ ಆ ಗೋಡೌನ್ ಯಜಮಾನರು ಅಕ್ಟೋಬರ್ 14ಕ್ಕೆ, ನೈರೇರೆ ತೀರಿಕೊಂಡ ದಿನ, ಫೋಟೋ ಮುಂದೆ ಟೋಪಿ ತೆಗೆದು ನಿಲ್ಲೋರು. ನಾನು ಒಂದ್ಸಲ ಕೇಳೇಬಿಟ್ಟೆ, ನಿಮ್ಮ ಗೇರು ಮರ ಹೋಯ್ತಲ್ಲ ಅಂತ. ಹೋಯ್ತು, ಆದ್ರೆ ಅವರು ನಮ್ಮದನ್ನ ತಗೊಂಡು ತಮ್ಮ ಮನೆಗೆ ಹಾಕ್ಕೊಳ್ಲಿಲ್ಲ, ತಪ್ಪಾಯ್ತು ಅಂದ್ರು, ಹೋದ್ರು ಅಂದ್ರು ಅವರು.

ಹೋದ್ರು ಅನ್ನೋದಕ್ಕೆ ಅಲ್ಲಿ ಒಂದು ಪದನೇ ಇದೆ, ಕುಂಗಾಟುಕಾ. ನೈರೇರೆ ತಮ್ಮ ಮನೆಮಾತಾದ ಝನಾಕಿ ಭಾಷೆಯಿಂದ ತಂದು ಸ್ವಾಹಿಲಿಗೆ ಕೊಟ್ಟಿದ್ದು, ಯಾರೂ ತಳ್ಳದೆ ತಾನೇ ಎದ್ದು ಜಾಗ ಬಿಡೋದು ಅಂತ ಅರ್ಥ. 1985ರಲ್ಲಿ ಅಧ್ಯಕ್ಷಗಿರಿ ಬಿಟ್ರು, 1990ರಲ್ಲಿ ಪಾರ್ಟಿ ಅಧ್ಯಕ್ಷಗಿರಿನೂ ಬಿಟ್ಟು ಬುಟಿಯಾಮಾ ಅನ್ನೋ ತಮ್ಮ ಹಳ್ಳೀಲಿ ಬೇಸಾಯ ಮಾಡ್ಕೊಂಡಿದ್ರು. ಒಂದೇ ಪಾರ್ಟಿ ಸಾಕು ಅಂತ ವಾದ ಮಾಡಿದ್ದ ಮನುಷ್ಯನೇ ಆಮೇಲೆ ಬೇರೆ ಪಾರ್ಟಿಗಳೂ ಇರ್ಲಿ ಅಂತ ಮುಂದೆ ನಿಂತು ಹೇಳಿದ್ರು, 1992ರಲ್ಲಿ ಕಾನೂನು ಬದಲಾಯ್ತು. ನಮ್ಮ ಸರ್ಕಾರ ಕೊಡೋ ಗಾಂಧಿ ಶಾಂತಿ ಪ್ರಶಸ್ತಿ 1995ರಲ್ಲಿ ಶುರುವಾದಾಗ ಮೊದಲು ಕೊಟ್ಟಿದ್ದು ಇವರಿಗೇ.

ಕೌಂಡಾ ಕಥೆ ಚಿಕ್ಕದಾಗಿ ಹೇಳ್ತೀನಿ. ಚಿನ್ಸಾಲಿ ಅನ್ನೋ ಊರಲ್ಲಿ ಒಟ್ಟಿಗೆ ಬೆಳೆದ ಬಾಲ್ಯದ ಗೆಳೆಯ ಸೈಮನ್ ಕಪ್ವೆಪ್ವೆ, ಉಪಾಧ್ಯಕ್ಷರಾಗಿದ್ದೋರು, 1971ರಲ್ಲಿ ಬೇರೆ ಪಾರ್ಟಿ ಮಾಡಿದ್ರು ಅಂತ ಮಾರನೇ ವರ್ಷ ಜೈಲಿಗೆ ಹಾಕಿಸಿ, ಅದೇ ವರ್ಷದ ಕೊನೆಗೆ ದೇಶಕ್ಕೆ ಒಂದೇ ಪಾರ್ಟಿ ಅಂತ ಮಾಡಿದ್ರು. ಅಲ್ಲಿಗೆ ಮುಗಾಬೆ ದಾರಿನೇ. ಆದ್ರೆ 1991ರಲ್ಲಿ ಜನ ಬೀದಿಗೆ ಬಂದಾಗ ಎಲೆಕ್ಷನ್ ಮಾಡಿದ್ರು, ಹೀನಾಯವಾಗಿ ಸೋತ್ರು, ಸೋತಿದ್ದನ್ನ ಟಿವೀಲಿ ಒಪ್ಕೊಂಡು ಯಾವಾಗ್ಲೂ ಕೈಲಿರ್ತಿದ್ದ ಬಿಳಿ ಕರ್ಚೀಫ್ ಹಿಡ್ಕೊಂಡು ಹೊರಟ್ರು. ಗೆದ್ದ ಚಿಲೂಬಾ ಏನು ಮಾಡಿದ್ರು, ಕೌಂಡಾ ಅಪ್ಪ ಅಮ್ಮ ಮಲಾವಿಯಿಂದ ಬಂದೋರು ಅಂತ 1996ರಲ್ಲಿ ಸಂವಿಧಾನನೇ ತಿದ್ದಿ ಮತ್ತೆ ನಿಲ್ಲದಂಗೆ ಮಾಡಿದ್ರು. 27 ವರ್ಷ ದೇಶ ಆಳಿದೋರಿಗೆ ನೀನು ಈ ದೇಶದವನೇ ಅಲ್ಲ ಅನ್ನೋ ಮಾತು. ಕಪ್ವೆಪ್ವೆ 1980ರಲ್ಲೇ ತೀರಿಕೊಂಡಿದ್ರು, ಇದನ್ನ ನೋಡೋಕಿರ್ಲಿಲ್ಲ.

ಅವತ್ತು ರಾತ್ರಿ ಊಟ ಆದ್ಮೇಲೆ ಕರೆಂಟ್ ಹೋಯ್ತು. ಅಪ್ಪ ಜಗುಲಿ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ರು, ನಾನು ಪಕ್ಕದಲ್ಲಿ ಕೂತೆ. ಕತ್ತಲಲ್ಲಿ ಮುಖ ಕಾಣ್ತಿರ್ಲಿಲ್ಲ, ಬಹುಶಃ ಅದಕ್ಕೇ ಧೈರ್ಯ ಬಂತು, ಮುಗಾಬೆ ಎನ್ಕೋಮೋ ಕಥೆ ಮೊದಲಿಂದ ಹೇಳ್ದೆ. ಸ್ಮಿತ್‌ನ ಬಿಟ್ಟಿದ್ದು, ಎನ್ಕೋಮೋಗೆ ಹಾವು ಅಂದಿದ್ದು, ಎಲ್ಲ. ನಮ್ಮನೆ ವಿಷಯ ಎತ್ಲಿಲ್ಲ. ಡೈರಿ ಅನ್ನೋ ಪದನೇ ಬಳಸ್ಲಿಲ್ಲ. ಅಪ್ಪ ಕೇಳ್ತಾನೇ ಇದ್ರು, ಮಧ್ಯ ಒಂದು ಮಾತೂ ಆಡ್ಲಿಲ್ಲ, ನಿದ್ದೆ ಬಂತೇನೋ ಅಂದ್ಕೊಂಡೆ.

ತುಂಬ ಹೊತ್ತಾದ್ಮೇಲೆ "ಆಮೇಲೆ ಆ ಎನ್ಕೋಮೋ ವಾಪಸ್ ಬಂದ್ನಾ?" ಅಂದ್ರು.

"ಬಂದ್ರಪ್ಪ. ವೈಸ್ ಪ್ರೆಸಿಡೆಂಟ್ ಮಾಡಿದ್ರು. 1999ರಲ್ಲಿ ತೀರಿಕೊಂಡ್ರು."

"ಮುಗಾಬೆ ಏನಂದ?"

"ಆ ಗಲಾಟೆ ಒಂದು ಹುಚ್ಚಿನ ಗಳಿಗೆ ಅಂದ್ರಂತೆ, ಅವರು ಸತ್ತ್ಮೇಲೆ. ಕ್ಷಮೆ ಅಂತ ಬಾಯಿಬಿಟ್ಟು ಕೇಳ್ಲಿಲ್ಲ."

ಅಪ್ಪ ಮಗ್ಗುಲು ಬದಲಾಯಿಸಿದ್ರು. ದೊಡ್ಡಪ್ಪ ಹೋಗಿ ನಾಲ್ಕು ವರ್ಷ ಆಯ್ತು. ದೊಡ್ಡಮ್ಮ ಒಬ್ರೇ ಇದಾರೆ ಆ ಮನೇಲಿ, ನಮ್ಮ ಮನೆಯಿಂದ ಆರನೇ ಮನೆ, ಈಗ್ಲೂ ಎರಡು ಹಸು ಇಟ್ಕೊಂಡಿದಾರೆ.

"ನಾಳೆ ಬೆಂಗಳೂರಿಗೆ ಹೊರಡೋಕೆ ಮುಂಚೆ ನಿಮ್ಮ ದೊಡ್ಡಮ್ಮನ ಮನೆಗೆ ಹೋಗ್ತೀಯಾ?" ಅಂದ್ರು.

ಹೋಗ್ತೀನಿ ಅಂದೆ.

"ಎಷ್ಟೊತ್ತಿಗೆ?"

"ಏಳಕ್ಕೆ. ಹಾಲು ಹಾಕಿ ಬಂದಿರ್ತಾರೆ ಅಷ್ಟೊತ್ತಿಗೆ."

"ನನ್ನ ಎಬ್ಬಿಸು" ಅಂದ್ರು ಅಪ್ಪ.